ಗುಡ್ಡಕ್ಕೆ ಬಳಿದ ಹಸಿರು

ನಾನು ಬೋರ್ಡು ಬರೆಯುವವನು. ಚಾಮರಾಜನಗರದ ಅಂಗಡಿ ಬೀದಿಯಲ್ಲಿ ನಮ್ಮ ತಂದೆ ಬರೆದ ಅಕ್ಷರಗಳು ಬಿಸಿಲು ಮಳೆ ತಿಂದುಕೊಂಡು ಇವತ್ತಿಗೂ ಒಂದೆರಡು ಕಡೆ ನಿಂತಿವೆ. ನಾನು ಲಾರಿಯ ಹಣೆಗೆ ಬರೆದಿದ್ದೇನೆ, ಹೋಟೆಲಿನ ಗೋಡೆಗೆ ಬರೆದಿದ್ದೇನೆ, ಚುನಾವಣೆ ಬಂದಾಗ ಒಂದೇ ಬಕೆಟ್ಟಿನ ಬಣ್ಣದಿಂದ ಎಲ್ಲ ಪಕ್ಷದವರ ಗುರುತನ್ನೂ ಬರೆದಿದ್ದೇನೆ. ಆದರೆ ಗುಡ್ಡಕ್ಕೆ ಬಣ್ಣ ಹೊಡೆದದ್ದು ಜೀವಮಾನದಲ್ಲಿ ಒಂದೇ ಸಲ.

ಊರಿಗೆ ಫ್ಲೆಕ್ಸ್ ಬಂದ ಹೊಸತು ಅದು. ನಾಲ್ಕು ದಿನ ಕೂತು ನಾನು ಬರೆಯುವ ಮುಖವನ್ನು ಮೈಸೂರಿನ ಯಂತ್ರ ಕಾಫಿ ಕುಡಿಯುವಷ್ಟರಲ್ಲಿ ಉಗುಳುತ್ತಿತ್ತು. ಹುಟ್ಟುಹಬ್ಬದ ಶುಭಾಶಯ, ಸತ್ತವರ ಶ್ರದ್ಧಾಂಜಲಿ, ಮದುವೆಯ ಸುಸ್ವಾಗತ, ಎಲ್ಲ ಅದರ ಪಾಲಾಯಿತು. ನನ್ನ ಪಾಲಿಗೆ ಉಳಿದದ್ದು ‘ಇಲ್ಲಿ ಮೂತ್ರ ವಿಸರ್ಜನೆ ಮಾಡಬಾರದು’ ಎನ್ನುವ ಒಂದೇ ಸಾಹಿತ್ಯ. ಅಂಥ ಕಾಲದಲ್ಲಿ ನನ್ನ ಅಂಗಡಿಯ ಮುಂದೆ ಒಂದು ಬಿಳಿ ಜೀಪು ನಿಂತಿತು. ಇಳಿದವರು ಹರವೆಯಿಂದ ಗುಂಡ್ಲುಪೇಟೆ ಕಡೆಗೆ ಹೋಗುವಾಗ ಒಳಗೆ ಸಿಗುವ ಒಂದು ಕರಿಕಲ್ಲು ಕ್ವಾರಿಯ ಯಜಮಾನರು. ಬಿಳಿ ಶರ್ಟು, ಬಿಳಿ ಪ್ಯಾಂಟು, ಬಿಳಿ ಚಪ್ಪಲಿ. ಕರಿಕಲ್ಲಿನಲ್ಲಿ ಬದುಕುವವರಿಗೆ ಬಿಳಿಯ ಮೇಲೆ ಯಾಕಷ್ಟು ಆಸೆಯೋ ಗೊತ್ತಿಲ್ಲ.

“ಸಾಬ್ರೇ, ಪ್ರಾಣಿ ಚಿತ್ರ ಬರೀತೀರಾ?” ಎಂದರು.

“ಬರೀತೀನಿ ಸಾರ್. ಯಾವ ಪ್ರಾಣಿ?”

“ಎಲ್ಲಾ ಬರೀರಿ. ಹುಲಿ, ಆನೆ, ಜಿಂಕೆ, ಸಿಂಹ.”

“ಸಿಂಹ ನಮ್ಮ ಕಡೆ ಇಲ್ವಲ್ಲ ಸಾರ್.”

“ಹುಲಿ ಏನು ನಮ್ಮ ಕ್ವಾರಿಗೆ ಬಂದು ಟೀ ಕುಡ್ದು ಹೋಯ್ತದಾ? ಬರೆಯೋದು ಬರೀರಿ ಸುಮ್ನೆ.”

ವಿಷಯ ಇಷ್ಟು. ಅವರ ಕ್ವಾರಿಯ ಗುತ್ತಿಗೆ ಮುಗಿಯುತ್ತ ಬಂದಿತ್ತು. ಮುಂದುವರಿಸಬೇಕಾದರೆ, ಅಗೆದು ಬಿಟ್ಟ ನೆಲವನ್ನು ಸರಿಮಾಡಿ ಗಿಡ ಬೆಳೆಸಿದ್ದಾರೋ, ಅಲ್ಲಿನ ಕಾಡುಪ್ರಾಣಿಗಳ ನೆಲೆಯನ್ನು ಉಳಿಸಿದ್ದಾರೋ ಎಂದು ನೋಡಲು ಒಂದು ತಪಾಸಣೆ ತಂಡ ಬರುವುದಿತ್ತು. ಕ್ವಾರಿಯ ಗುಡ್ಡದ ಆಚೆ ಮಗ್ಗುಲಿನಿಂದಲೇ ಕಾಡು ಶುರು. ಈಚೆ ಮಗ್ಗುಲನ್ನು ಯಜಮಾನರು ಬೆಣ್ಣೆ ಕೊಯ್ದ ಹಾಗೆ ಕೊಯ್ದು ಹೊರದೇಶಕ್ಕೆ ಕಳಿಸುತ್ತಿದ್ದರು. ಅಲ್ಲಿಯವರು ಅದನ್ನು ಸಮಾಧಿಯ ಮೇಲೆ ನಿಲ್ಲಿಸುತ್ತಾರಂತೆ. ಯಾವುದೋ ದೇಶದಲ್ಲಿ ಯಾರೋ ನೆಮ್ಮದಿಯಾಗಿ ಮಲಗಲೆಂದು ನಮ್ಮ ಗುಡ್ಡದ ಮೇಲಿದ್ದ ಜೀವಗಳೆಲ್ಲ ನಿದ್ದೆಗೆಟ್ಟು ಓಡಬೇಕಾಗಿತ್ತು. ಇರಲಿ, ನನಗೂ ಕೆಲಸ ಬೇಕಾಗಿತ್ತು. ಡಬ್ಬಿ, ಬ್ರಷ್ಷು ಕಟ್ಟಿಕೊಂಡು ಮೊಪೆಡ್ ಹತ್ತಿದೆ.

ಕ್ವಾರಿಯಲ್ಲಿ ನನಗೆ ಜೊತೆಯಾದವನು ಹಿಟಾಚಿ ಓಡಿಸುವವನು. ಚಂದಕವಾಡಿ ಕಡೆಯವನು, ನನ್ನದೇ ವಯಸ್ಸು. ಬಂಡೆ ಎತ್ತುವ ಆ ಯಂತ್ರವನ್ನು ಎತ್ತು ತಿದ್ದಿದ ಹಾಗೆ ತಿದ್ದಿಟ್ಟುಕೊಂಡಿದ್ದ. ಅದರ ಮೂತಿಗೆ ನಿಂಬೆಹಣ್ಣು, ಮೆಣಸಿನಕಾಯಿ, ಒಂದು ಹಳೆಯ ಚಪ್ಪಲಿ ಎಲ್ಲವನ್ನೂ ಕಟ್ಟಿದ್ದ. ಅವನೇ ನನಗೆ ಯಜಮಾನರ ‘ವನ್ಯಜೀವಿ ನೆಲೆ’ಯನ್ನು ತೋರಿಸಿದ್ದು.

ಮೈಸೂರಿನಿಂದ ಬಂದ ಸಲಹೆಗಾರರೊಬ್ಬರು ಒಂದು ಯೋಜನೆ ಮಾಡಿಕೊಟ್ಟಿದ್ದರಂತೆ. ಅದರ ಪ್ರಕಾರ ಒಡೆದ ಕಲ್ಲಿನ ರಾಶಿಯ ಮೇಲೆ ಸಸಿಗಳನ್ನು ನೆಟ್ಟಿದ್ದರು. ನೆಟ್ಟಿದ್ದರು ಎನ್ನುವುದಕ್ಕಿಂತ ಕಲ್ಲಿನ ಸಂದಿಗೆ ಸಿಕ್ಕಿಸಿದ್ದರು ಎನ್ನಬೇಕು. ಪ್ಲಾಸ್ಟಿಕ್ ಚೀಲವನ್ನೂ ಬಿಚ್ಚಿರಲಿಲ್ಲ. ಬಿಚ್ಚಿದರೆ ಮಣ್ಣು ಉದುರಿಹೋಗುತ್ತದಲ್ಲ, ಆ ಗುಡ್ಡೆಯಲ್ಲಿ ಮಣ್ಣಿದ್ದದ್ದು ಆ ಚೀಲದೊಳಗೆ ಮಾತ್ರ. ಪಕ್ಕದಲ್ಲಿ ಸಿಮೆಂಟಿನ ಒಂದು ನೀರು ತೊಟ್ಟಿ. ಅದರ ಮೇಲೆ ನಾನು ‘ವನ್ಯಜೀವಿಗಳಿಗೆ ಮಾತ್ರ’ ಎಂದು ಬರೆಯಬೇಕು. ತೊಟ್ಟಿಯಲ್ಲಿ ನೀರಿರಲಿಲ್ಲ. ಕೆಲಸದ ಹೆಂಗಸರು ಅದರೊಳಗೆ ಊಟದ ಡಬ್ಬಿಗಳನ್ನು ನೆರಳಿಗೆ ಇಟ್ಟಿದ್ದರು.

“ಇದರಲ್ಲಿ ನೀರು ಯಾವಾಗ ಬಿಡ್ತಾರೆ?” ಎಂದು ಕೇಳಿದೆ.

“ಆಪೀಸರ್ ಬರೋ ದಿವ್ಸ,” ಎಂದ ಹಿಟಾಚಿಯವನು. “ಅವತ್ತು ಪ್ರಾಣಿಗೂ ಏಳಿಕಳ್ಸ್ತಾರಂತ, ಬಂದ್ ಕುಡ್ಕೊಂಡ್ ಓಗಿ ಅಂತ.”

ಒಂದು ವಾರ ಹುಲಿ, ಆನೆ, ಜಿಂಕೆಗಳನ್ನು ಬರೆದೆ. ಸಿಂಹವನ್ನೂ ಬರೆದೆ. ನನ್ನ ಸಿಂಹದ ಮುಖದಲ್ಲಿ ತಮ್ಮ ಮಾವನವರ ಹೋಲಿಕೆ ಬಂದಿದೆ ಎಂದು ಯಜಮಾನರೇ ಹೇಳಿದರು. ಆ ಮೇಲೆ ಅವರಿಗೆ ಇನ್ನೊಂದು ಆಸೆ ಹುಟ್ಟಿತು. ಕ್ವಾರಿಯ ಒಂದು ಮೂಲೆಯಲ್ಲಿ ಕಲ್ಲು ತೆಗೆದು ಬಿಟ್ಟ ಹಳೆಯ ಗುಂಡಿಯೊಂದಿತ್ತು. ಅದರ ಹಿಂದಿನ ಗೋಡೆ ನೇರ ಬಂಡೆ, ತೆಂಗಿನಮರದಷ್ಟು ಎತ್ತರ. ಆ ಬಂಡೆಯ ಮೇಲೆ ದಾರಿಗೆ ಕಾಣುವ ಹಾಗೆ ‘ಕಾಡಿದ್ದರೆ ನಾಡು’ ಎಂದು ಬರೆಯಬೇಕು. ಗುಂಡಿಯನ್ನು ಆಮೇಲೆ ಒಡೆದ ಕಲ್ಲಿನಿಂದ ಅರ್ಧದವರೆಗೆ ತುಂಬಿ, ಮೇಲೆ ಮಣ್ಣು ಹಾಕಿ, ಇದೇ ಸರಿಮಾಡಿದ ನೆಲ ಎಂದು ತೋರಿಸಬೇಕು. ಯೋಜನೆಯಲ್ಲಿ ಹಾಗೆಯೇ ಇತ್ತು.

ಬಿದಿರ ಏಣಿ ಹತ್ತಿದೆ. ಹಿಟಾಚಿಯವನು ಕೆಳಗೆ ಏಣಿ ಹಿಡಿದುಕೊಂಡಿದ್ದ. ಬಿಳಿ ಬಣ್ಣದಲ್ಲಿ ಆಳೆತ್ತರದ ಒಂದು ‘ಕಾ’ ಬರೆದು ಮುಗಿಸಿದ್ದೆ ಅಷ್ಟೆ. ತಲೆಯ ಪಕ್ಕದಲ್ಲೇ ಬಂಡೆ ಬಿರಿದ ಹಾಗಾಯಿತು. ಕಂದು ಬಣ್ಣದ ಏನೋ ದೊಡ್ಡದೊಂದು ನನ್ನ ಕಿವಿಗೆ ಗಾಳಿ ಬೀಸಿ ಹೊರಗೆ ಹಾರಿತು, ಕೆಳಗೆ ದೊಪ್ಪೆಂದು ಬಿತ್ತು. ನೋಡಿದರೆ ಕೊಂಬಿನ ಗೂಬೆ. ನಮ್ಮ ಮನೆಯ ಕೋಳಿಗಿಂತ ದೊಡ್ಡದು, ತಲೆಯ ಮೇಲೆ ಎರಡು ಪುಕ್ಕದ ಕೊಂಬು, ಕೆಂಡದ ಕಣ್ಣು. ಒಂದು ರೆಕ್ಕೆಯನ್ನು ನೆಲದ ಮೇಲೆ ಎಳೆದುಕೊಂಡು ಒದ್ದಾಡುತ್ತಿತ್ತು. ನನ್ನ ಬಣ್ಣದ ಡಬ್ಬಿಯೇ ತಗುಲಿ ರೆಕ್ಕೆ ಮುರಿಯಿತು ಎಂದುಕೊಂಡೆ. ಏಣಿ ಇಳಿದು ಹಿಂದೆ ಓಡಿದೆ. ಅದು ಕುಂಟುತ್ತ ಮುಂದೆ, ನಾನು ಲುಂಗಿ ಎತ್ತಿಕೊಂಡು ಹಿಂದೆ. ಗುಂಡಿ ದಾಟಿಸಿ, ಕಲ್ಲಿನ ರಾಶಿ ಹತ್ತಿಸಿ ಇಳಿಸಿ, ನಾನು ಏದುಸಿರು ಬಿಡುವ ಹೊತ್ತಿಗೆ ಎರಡೂ ರೆಕ್ಕೆ ಬಿಚ್ಚಿ ಸೊಗಸಾಗಿ ಹಾರಿಹೋಯಿತು. ಏನೂ ಆಗಿರಲಿಲ್ಲ. ನನ್ನನ್ನು ಅಲ್ಲಿಂದ ದೂರ ಕರೆದುಕೊಂಡು ಹೋಗುವುದಕ್ಕೆ ಅಷ್ಟು ನಾಟಕ ಆಡಿತ್ತು.

ವಾಪಸು ಬಂದರೆ ಹಿಟಾಚಿಯವನು ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿಕೊಂಡು ನಿಂತಿದ್ದ.

“ಬಾಯ್, ಅದ್ರ ಮಖ ನೋಡ್ಬುಟ್ರಾ?”

“ನೋಡಿದೆ.”

“ಮುಗೀತು ಬುಡಿ. ಮನ ಆಳಾಯ್ತದ ಅಂತಾರ.”

“ನನ್ನ ಮನೆ ಫ್ಲೆಕ್ಸಿನಿಂದ ಆಗಲೇ ಹಾಳಾಗಿದೆ. ಇನ್ನು ಗೂಬೆಗೆ ಉಳಿದಿರೋದು ಏನಿದೆ?” ಎಂದು ಮತ್ತೆ ಏಣಿ ಹತ್ತಿದೆ. ‘ಕಾ’ದ ಪಕ್ಕದಲ್ಲಿ, ಬಂಡೆ ಸ್ವಲ್ಪ ಹೊರಚಾಚಿದ ಕಡೆ, ಗೂಡೂ ಇಲ್ಲದೆ ಬರಿಯ ಕಲ್ಲಿನ ಮೇಲೆ ಮೂರು ಮರಿಗಳು. ಹಳೆಯ ಹಾಸಿಗೆಯಿಂದ ಕಿತ್ತ ಹತ್ತಿಯ ಉಂಡೆಗಳ ಹಾಗಿದ್ದವು. ನನ್ನನ್ನು ನೋಡಿ ಪ್ರೆಷರ್ ಕುಕ್ಕರಿನ ಹಾಗೆ ಬುಸುಗುಟ್ಟಿದವು. ನಾನು ಬ್ರಷ್ಷನ್ನು ಜೇಬಿಗೆ ಹಾಕಿಕೊಂಡು ಇಳಿದುಬಿಟ್ಟೆ. ಬಂಡೆಯ ಮೇಲೆ ‘ಕಾ’ ಒಂದೇ ಉಳಿಯಿತು.

ಯಜಮಾನರಿಗೆ ಸುದ್ದಿ ಹೇಳಿದಾಗ ಸಂತೋಷಪಟ್ಟಾರು ಎಂದುಕೊಂಡಿದ್ದೆ. ವನ್ಯಜೀವಿ ಬೇಕೆಂದು ಸಿಂಹವನ್ನೂ ಬರೆಸಿದವರಲ್ಲವೆ? ಜೀವಂತ ವನ್ಯಜೀವಿ, ಅದೂ ಮರಿಗಳ ಸಮೇತ, ಮನೆ ಬಾಗಿಲಿಗೆ ಬಂದಿದೆ. ಅವರ ಮುಖ ಕಪ್ಪಿಟ್ಟಿತು.

“ಗೂಬೆನಾ! ಥೂ. ಗುತ್ತಿಗೆ ವಿಷಯ ನಡೀತಿರೋವಾಗ! ಓಡಿಸ್ರಿ ಅದನ್ನ. ಆಫೀಸರ್ ಬರೋದ್ರೊಳಗೆ ಆ ಗುಂಡಿ ಮುಚ್ಚಿಬಿಡಿ. ಬಂಡೆ ಮಟ್ಟಕ್ಕೂ ತುಂಬಿಬಿಡಿ, ಪೀಡೆ ಕಳೀಲಿ.”

“ಮರಿ ಅವೆ ಸಾರ್,” ಎಂದೆ.

“ಮರಿ ದೊಡ್ಡದಾದ್ರೆ ಏನಾಗ್ತದೆ? ಅದೂ ಗೂಬೆನೇ ಆಗ್ತದೆ.”

ಕಾಡುಪ್ರಾಣಿಗಳ ನೆಲೆ ಉಳಿಸಿದ್ದೇವೆ ಎಂದು ತೋರಿಸುವುದಕ್ಕಾಗಿ, ಆ ಜಾಗದಲ್ಲಿ ನಿಜವಾಗಿ ನೆಲೆಸಿದ್ದ ಒಂದೇ ಒಂದು ಸಂಸಾರವನ್ನು ಕಲ್ಲು ತುಂಬಿ ಮುಚ್ಚಬೇಕಾಗಿತ್ತು. ತುಂಬುವ ಕೆಲಸ ಹಿಟಾಚಿಯವನದು. ಅವನು ಆ ಕ್ಷಣಕ್ಕೆ “ಆಯ್ತು ಬುದ್ಧಿ” ಎಂದ. ಆದರೆ ಹಿಟಾಚಿಗೆ ಡೀಸೆಲ್ ಪೈಪು ಸೋರುತ್ತಿದೆ ಎಂದು ಎರಡು ದಿನ ನಿಲ್ಲಿಸಿಬಿಟ್ಟ. ಸಂಜೆ ಕೆಲಸ ಬಿಟ್ಟ ಮೇಲೆ ನಾನು ಮರಿಗಳನ್ನು ದೂರದಿಂದ ನೋಡಲು ಹೋದರೆ ಅವನು ಆಗಲೇ ಅಲ್ಲಿ ಬಂಡೆಗೆ ಒರಗಿ ಕೂತಿದ್ದ. ಈಗ ಕಣ್ಣು ಮುಚ್ಚಿಕೊಂಡಿರಲಿಲ್ಲ.

“ನಿನಗೆ ಭಯ ಇಲ್ಲವಾ?” ಎಂದೆ.

“ಒಂದ್ ಸಲ ನೋಡುದ್ರೂ ಆಳು, ನೂರ್ ಸಲ ನೋಡುದ್ರೂ ಆಳು. ನೋಡ್ಬುಡನ ಅಂತ ಬಂದಿ,” ಎಂದ. “ಸುಮ್ಕಿರಿ ಬಾಯ್, ಈಗ ಅವ್ವ ಬತ್ತದ. ನೆನ್ನ ಒಂದ್ ಎಗ್ಗಣ ತಂದಿತ್ತು, ಮೊಣಕೈಯಷ್ಟುದ್ದ. ಎಗ್ಗಣ ಬೆಳ ತಿಂದಾಕೋ ನಮ್ಮೂರ್ ಗದ್ದಲಿ ಈ ಹಕ್ಕಿ ಒಂದಿದ್ದಿದ್ರ ನಾ ಯಾಕ ಹಿಟಾಚಿಗ ಬತ್ತಿದ್ದಿ?”

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ನಮ್ಮ ಮನೆಮಾತು ಉರ್ದು. ಅವಳು ಹೇಳಿದ್ದನ್ನು ಕನ್ನಡಕ್ಕೆ ತಂದರೆ ಅರ್ಧ ಖಾರ ದಾರಿಯಲ್ಲೇ ಚೆಲ್ಲಿಹೋಗುತ್ತದೆ, ಆದರೂ ಹೇಳುತ್ತೇನೆ. ಉರ್ದುವಿನಲ್ಲಿ ದಡ್ಡನನ್ನು ಗೂಬೆ ಎಂದೇ ಬೈಯುವುದು. “ಗೂಬೆಯ ಮುಖ ನೋಡಿದರೆ ಮನೆ ಹಾಳಾಗುವುದಾದರೆ, ಮದುವೆಯಾದ ದಿನದಿಂದ ದಿನಾ ಬೆಳಿಗ್ಗೆ ನೋಡುತ್ತಿರುವ ನನಗೆ ಏನೇನಾಗಬೇಕಿತ್ತು?” ಎಂದಳು. ರೊಟ್ಟಿ ತಿರುವಿ ಹಾಕಿ, ಅದೇ ಉಸಿರಿನಲ್ಲಿ ಕೇಳಿದಳು: “ಬಟ್ಟೆ ಅಂಗಡಿ ಸೇಠು ಗೋಡೆಯ ಮೇಲೆ ಲಕ್ಷ್ಮಿ ಬರೆದಿರಲ್ಲ, ಅವಳ ಕಾಲಿನ ಹತ್ತಿರ ಕೂತಿದ್ದು ಏನು?”

ನನಗೆ ಮರೆತೇಹೋಗಿತ್ತು. ರಾಜಸ್ಥಾನದ ಕಡೆಯಿಂದ ಬಂದು ನಮ್ಮೂರಲ್ಲಿ ಬಟ್ಟೆ ಅಂಗಡಿ ಇಟ್ಟ ಆ ಸೇಠು, ತಮ್ಮ ಕಡೆಯ ಕ್ಯಾಲೆಂಡರ್ ಒಂದನ್ನು ಕೊಟ್ಟು ಹಾಗೇ ದೊಡ್ಡದು ಮಾಡಿ ಬರೆಯಲು ಹೇಳಿದ್ದರು. ಅದರಲ್ಲಿ ಲಕ್ಷ್ಮಿಯ ವಾಹನ ಗೂಬೆ. ಅವರ ಕಡೆ ಅದು ಶುಭ. ಬರೆದ ಹೊಸದರಲ್ಲಿ ಗಿರಾಕಿಗಳು ನನ್ನನ್ನೇ ಬೈದಿದ್ದರು, ಸಾಬನಿಗೆ ಗೊತ್ತಾಗದೆ ದೇವಿಯ ಪಾದಕ್ಕೆ ಗೂಬೆ ಕೂರಿಸಿದ್ದಾನೆ ಎಂದು. ಮಾರನೆಯ ಬೆಳಿಗ್ಗೆ ಸೇಠು ಹತ್ತಿರ ಆ ಕ್ಯಾಲೆಂಡರ್ ಇಸಿದುಕೊಂಡು ಕ್ವಾರಿಗೆ ಹೋದೆ.

ಯಜಮಾನರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ನಮ್ಮ ಲಕ್ಷ್ಮಿ ಹತ್ರ ಆನೆ ಇರ್ತದಲ್ಲ?”

“ಇದು ಸೇಠು ಅಂಗಡೀದು ಸಾರ್. ದೀಪಾವಳಿಗೆ ಇದಕ್ಕೇ ಪೂಜೆ ಮಾಡೋದು ಅವರು.”

“ಯಾವ ಸೇಠು? ಆ ಮೂರಂತಸ್ತಿನ ಅಂಗಡಿಯೋರಾ?”

“ಅವರೇ ಸಾರ್. ಬಂದಾಗ ಸೈಕಲ್ ಮೇಲೆ ಬಟ್ಟೆ ಮಾರ್ತಿದ್ರು.”

ಯಜಮಾನರು ಕ್ಯಾಲೆಂಡರನ್ನು ಕಣ್ಣಿಗೊತ್ತಿಕೊಂಡರು. ಬಿಳಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಗುಂಡಿಯ ಕಡೆ ತಿರುಗಿ ಕೈ ಮುಗಿದರು. ನಿನ್ನೆ ಪೀಡೆಯಾಗಿದ್ದದ್ದು ಇವತ್ತು ತಾಯಿಯಾಯಿತು.

ಆದರೆ ದೇವರಾದದ್ದರ ಪಾಡು ಪೀಡೆಗಿಂತ ಕಷ್ಟ. ಅವತ್ತು ಸಂಜೆಯೇ ಯಜಮಾನರ ಮನೆಯವರು, ಮಾವನವರು, ಷಡ್ಡಕರು ಎಲ್ಲ ಎರಡು ಕಾರಿನಲ್ಲಿ ಬಂದರು. ಕಾಯಿ ಒಡೆದರು. ಕರ್ಪೂರ ಹಚ್ಚಿದರು. ಅವ್ವ ಗೂಬೆ ಕಾಣಲಿಲ್ಲವೆಂದು ಯಾರೋ ಶಿಳ್ಳೆ ಹಾಕಿದರು, ಇನ್ಯಾರೋ ಹೂವು ಕಟ್ಟಿದ ಕಲ್ಲನ್ನು ಮೇಲಕ್ಕೆ ಎಸೆದರು. ಶುಕ್ರವಾರ ಮೈಕ್ ಕಟ್ಟಿಸಿ ಅರ್ಚನೆ ಮಾಡಿಸುವುದೆಂದೂ, ಬಂಡೆಗೆ ಮೆಟ್ಟಿಲು ಕಡಿಸಿ ಮಂಟಪ ಕಟ್ಟುವುದೆಂದೂ ಅಲ್ಲೇ ತೀರ್ಮಾನವಾಯಿತು. ತಾಯಿ ಹಕ್ಕಿ ಅಷ್ಟು ದೂರದ ಒಂದು ಬಂಡೆಯ ಮೇಲೆ ಹೆಗ್ಗಣ ಹಿಡಿದುಕೊಂಡು ಕೂತಿತ್ತು, ಒಳಗೆ ಬರುವ ಧೈರ್ಯವಿರಲಿಲ್ಲ. ಮರಿಗಳು ಹಸಿದು ಕೂಗುತ್ತಿದ್ದವು. ನಾನು ಎಂಥ ಉಪಕಾರ ಮಾಡಿದೆನಪ್ಪ ಎಂದು ತಲೆಯ ಮೇಲೆ ಕೈ ಹೊತ್ತುಕೊಂಡೆ.

ಆಗ ಹಿಟಾಚಿಯವನು ಕೈ ಕಟ್ಟಿಕೊಂಡು ಯಜಮಾನರ ಮುಂದೆ ನಿಂತ.

“ಬುದ್ಧಿ, ಒಂದ್ ಮಾತು. ಲಕ್ಷ್ಮಿ ಚಂಚಲೆ ಅಂತಾರಲ್ಲ, ದಿಟವಾ?”

“ಹೂಂ, ದಿಟ. ಯಾಕಲಾ?”

“ಸದ್ದು ಮಾಡುದ್ರ ಎದ್ದೋಯ್ತಾಳಂತ. ನಮ್ಮ ಅಜ್ಜಿ ಹೇಳೋಳು. ಎದ್ದು ಪಕ್ಕದ ಕ್ವಾರಿಗ್ ಓಗ್ಬುಟ್ರ ಏನ್ ಮಾಡನ?”

ಪಕ್ಕದ ಕ್ವಾರಿ ಯಜಮಾನರ ದಾಯಾದಿಯದು. ಅವರ ಮುಖದ ರಕ್ತ ಇಳಿದು ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಶಿಳ್ಳೆ ಹಾಕಿದ ಷಡ್ಡಕನನ್ನು ಅಲ್ಲೇ ಗದರಿಸಿದರು. ಮೈಕು ರದ್ದಾಯಿತು, ಮಂಟಪ ರದ್ದಾಯಿತು. ಆ ಮಗ್ಗುಲಲ್ಲಿ ಸಿಡಿಮದ್ದು ಇಡಬಾರದು, ಟಿಪ್ಪರ್ ಹಾರನ್ ಹೊಡೆಯಬಾರದು ಎಂದು ಕಟ್ಟಪ್ಪಣೆಯಾಯಿತು. ಮರುದಿನದಿಂದ ಅವರೇ ಅತ್ತ ಕಡೆ ಹೋಗುವಾಗ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಸಾಲ ಕೊಟ್ಟವನ ಮನೆ ಮುಂದೆ ಹೋಗುವವರ ಹಾಗೆ ಹೆಜ್ಜೆ ಇಡುತ್ತಿದ್ದರು. ಕಾನೂನು ಕಾಯದೆ ಎಂದು ಎಷ್ಟು ಜನ ಬಾಯಿ ಬಡಿದುಕೊಂಡರೂ ಆಗದ್ದು ದಾಯಾದಿಯ ಹೊಟ್ಟೆಕಿಚ್ಚಿನಿಂದ ಆಯಿತು.

ಇನ್ನೊಂದು ತೊಂದರೆ ಉಳಿದಿತ್ತು. ಗುಂಡಿ ತುಂಬುವ ಹಾಗಿಲ್ಲ. ಹಾಗಾದರೆ ಸರಿಮಾಡಿದ ನೆಲವೆಂದು ತೋರಿಸುವುದು ಏನನ್ನು? ಕಲ್ಲಿನ ರಾಶಿಯ ಸಸಿಗಳು ಬೇಸಿಗೆಯ ಮೊದಲ ಬಿಸಿಲಿಗೇ ಕಡ್ಡಿಯಾಗಿದ್ದವು. ಅಷ್ಟರಲ್ಲಿ ತಪಾಸಣೆಯ ದಿನ ಬೇರೆ ಹೇಳಿದ್ದಕ್ಕಿಂತ ಮುಂಚೆಯೇ ಬಂತು. ಯಜಮಾನರು ಒಂದು ರಾತ್ರಿ ನಿದ್ದೆಗೆಟ್ಟು ಬೆಳಿಗ್ಗೆ ನನ್ನನ್ನು ಕರೆದರು.

“ಸಾಬ್ರೇ, ದಾರಿಯಿಂದ ನೋಡಿದ್ರೆ ಹಸಿರು ಕಾಣಬೇಕು ಅಷ್ಟೆ. ಹುಲ್ಲಾದರೇನು, ಬಣ್ಣ ಆದರೇನು?”

ನಾನು ನಕ್ಕೆ. ಅವರು ನಗಲಿಲ್ಲ. ಒಳ್ಳೆಯ ಆಯಿಲ್ ಪೇಂಟಿಗೆ ಅವರ ಮನಸ್ಸು ಒಪ್ಪಲಿಲ್ಲ, ಗೋಡೆಗೆ ಬಳಿಯುವ ಅಗ್ಗದ ಡಿಸ್ಟೆಂಪರ್ ಪುಡಿ ತರಿಸಿದರು. ಹತ್ತಿ ಹೊಲಕ್ಕೆ ಔಷಧಿ ಹೊಡೆಯುವ ಪಂಪನ್ನು ಬೆನ್ನಿಗೆ ಕಟ್ಟಿಕೊಂಡು ನಾನು ಮತ್ತು ಇಬ್ಬರು ಕೂಲಿಯವರು ಆ ಗುಡ್ಡೆಗೆ ಹಸಿರು ಹೊಡೆದೆವು. ಕಲಾವಿದನ ಮಾನ ಉಳಿಯಲೆಂದು ಒಂದೇ ಹಸಿರು ಹೊಡೆಯದೆ, ಅಲ್ಲಲ್ಲಿ ಎಳೆ ಹಸಿರು, ಅಲ್ಲಲ್ಲಿ ಹಳದಿ ಬೆರೆಸಿದೆ. ದೂರದಿಂದ ನೋಡಿದರೆ, ಸುಳ್ಳು ಹೇಳಬಾರದು, ಚೆನ್ನಾಗಿಯೇ ಇತ್ತು. ನಾನು ಬರೆದ ಅತಿ ದೊಡ್ಡ ಚಿತ್ರ ಅದೇ.

ಅದನ್ನು ಮೊದಲು ನಂಬಿದವು ಮೇಕೆಗಳು. ಹತ್ತಿರದ ಊರಿನ ಒಬ್ಬ ಹೆಂಗಸು ಆ ಕಡೆ ಮೇಕೆ ಮೇಯಿಸುತ್ತಿದ್ದಳು. ಮಾರನೆಯ ಮಧ್ಯಾಹ್ನ ಕೋಲು ಹಿಡಿದು, ಮಂದೆಯನ್ನು ಮುಂದೆ ಬಿಟ್ಟುಕೊಂಡು ಕ್ವಾರಿಗೇ ಬಂದಳು. ಬಿಳಿ ಮೇಕೆಗಳ ಮೂತಿ, ಮಂಡಿ, ಪಕ್ಕೆ ಎಲ್ಲ ಹಸಿರು.

“ಯಾವನಾ ಅವ, ನನ್ನ ಮೇಕಗೆಲ್ಲ ಬಣ್ಣ ಬಳ್ದವ?”

ಎಲ್ಲರೂ ನನ್ನ ಕಡೆ ಬೆರಳು ತೋರಿಸಿದರು.

“ನಾನು ಕಲ್ಲಿಗೆ ಹೊಡೆದದ್ದು ಕಣಮ್ಮ. ನಿನ್ನ ಮೇಕೆ ಯಾಕೆ ಹೋಗಿ ಉಜ್ಜಿಕೊಂಡವು?”

“ಕಲ್ಲಿಗ ಯಾಕ ಹಸುರು ಒಡದೆ? ಅದ್ಕ ಮದ್ವಯಾ? ಸಂತೆಮರಳ್ಳಿ ಸಂತಗ ಒಡ್ಕೊಂಡ್ ಓಗ್ಬೇಕು ಇವ. ಹಸುರು ಮೇಕ ಯಾವ ತಕ್ಕಂಡನು? ಗಿಣಿ ಅಂತ ಮಾರ್ಲಾ?”

ಯಜಮಾನರ ಎದುರಿಗೇ ಅವಳು ಗುಡ್ಡೆಗೂ ನನಗೂ ಸೇರಿಸಿ ಮಂಗಳಾರತಿ ಎತ್ತಿದಳು. ಕೊನೆಗೆ ‘ವನ್ಯಜೀವಿಗಳಿಗೆ ಮಾತ್ರ’ ತೊಟ್ಟಿಗೆ ಟ್ಯಾಂಕರಿನಿಂದ ನೀರು ಬಿಡಿಸಿ, ಹಿಟಾಚಿಯವನೂ ನಾನೂ ಒಂದೊಂದೇ ಮೇಕೆಯನ್ನು ಹಿಡಿದು ತೊಳೆದುಕೊಟ್ಟೆವು. ಆ ತೊಟ್ಟಿಗೆ ಅದೇ ಮೊದಲ ನೀರು.

ತಪಾಸಣೆಯವರು ಬಂದರು. ನಾಲ್ಕಾರು ವಾಹನ, ಒಬ್ಬರು ಹಿರಿಯ ಅಧಿಕಾರಿ, ಜೊತೆಗೆ ಹಲವರು. ಹಿರಿಯರು ಕಾರಿನ ಗಾಜು ಇಳಿಸಿ ಗುಡ್ಡೆಯ ಕಡೆ ನೋಡಿ, “ವೆರಿ ಗುಡ್, ಚೆನ್ನಾಗಿ ಹಸಿರಾಗಿದೆ,” ಎಂದರು. ಗಾಜು ಏರಿಸಿದರು. ಅಲ್ಲಿಗೆ ಅವರ ಮಟ್ಟಿಗೆ ತಪಾಸಣೆ ಮುಗಿಯಿತು. ಉಳಿದದ್ದು ಶಾಮಿಯಾನದ ಕೆಳಗಿನ ಊಟ. ಬಂಡೆಯ ಮೇಲಿನ ‘ಕಾ’ ನೋಡಿ ಅವರಲ್ಲೊಬ್ಬರು, “ಇದೇನ್ರಿ, ಕಾಗೆನಾ?” ಎಂದು ಕೇಳಿದರು.

“ಕಾಪಾಡು ಅಂತ ಸಾರ್,” ಎಂದರು ಯಜಮಾನರು, ಕಣ್ಣು ಮಿಟುಕಿಸದೆ.

ತಂಡದಲ್ಲಿ ಅರಣ್ಯ ಇಲಾಖೆಯ ಕಡೆಯಿಂದ ಬಂದ ಒಬ್ಬ ಯುವತಿ ಇದ್ದಳು. ಹೊಸದಾಗಿ ಕೆಲಸಕ್ಕೆ ಸೇರಿದವಳಿರಬೇಕು, ಊಟಕ್ಕಿಂತ ಮುಂಚೆ ನಡೆದು ನೋಡಬೇಕೆನ್ನುವ ಹಟ ಇನ್ನೂ ಹೋಗಿರಲಿಲ್ಲ. ಒಬ್ಬಳೇ ಗುಡ್ಡೆ ಹತ್ತಿದಳು. ಒಂದು ಕಲ್ಲನ್ನು ಮುಟ್ಟಿದಳು, ಅಂಗೈ ನೋಡಿಕೊಂಡಳು. ಕೆಳಗೆ ನಿಂತಿದ್ದ ನನ್ನ ಕೈಗಳನ್ನೂ ನೋಡಿದಳು. ಎರಡು ದಿನ ಸೋಪು ಹಾಕಿ ಉಜ್ಜಿದ್ದರೂ ಉಗುರ ಸಂದಿಯಲ್ಲಿ ಹಸಿರು ಹೋಗಿರಲಿಲ್ಲ.

“ನೀವೇನಾ ಇಲ್ಲಿಯ ಮಳೆರಾಯ?” ಎಂದಳು.

“ಹೌದು ಮೇಡಂ.”

“ಇಷ್ಟು ಚೆನ್ನಾಗಿ ನೆರಳು ಬೆಳಕೆಲ್ಲ ಹಾಕಿ ಯಾಕೆ ಬರೆದ್ರಿ? ಬಯ್ಯೋದಕ್ಕೂ ಮನಸ್ಸು ಬರ್ತಿಲ್ಲ.” ನಗುತ್ತಿದ್ದಳು, ಆದರೆ ಕಣ್ಣು ನಗುತ್ತಿರಲಿಲ್ಲ. “ನಿಜವಾದದ್ದು ಏನಾದರೂ ಇದೆಯಾ ಇಲ್ಲಿ?”

ಅವಳನ್ನು ಹಳೆಯ ಗುಂಡಿಗೆ ಕರೆದುಕೊಂಡು ಹೋದೆ. ಹಿಟಾಚಿಯವನು ದೂರದಿಂದಲೇ ಬಾಯಿಗೆ ಬೆರಳಿಟ್ಟು ಸುಮ್ಮನಿರಲು ಸನ್ನೆ ಮಾಡಿದ. ಅವಳು ದುರ್ಬೀನು ಹಿಡಿದು ನೋಡಿದಳು. ಮರಿಗಳಿಗೆ ಆಗಲೇ ರೆಕ್ಕೆಯ ಗರಿ ಮೂಡಿತ್ತು. ಒಂದು ಅಂಚಿಗೆ ಬಂದು ಕೆಳಗೆ ನೋಡಿ ಹಿಂದೆ ಸರಿಯುತ್ತಿತ್ತು. ಅವಳು ದುರ್ಬೀನನ್ನು ಇಳಿಸಿದಾಗ ಮುಖವೇ ಬೇರೆಯಾಗಿತ್ತು. ಶಾಮಿಯಾನಕ್ಕೆ ಹೋಗಿ, ಪಾಯಸ ತಿನ್ನುತ್ತಿದ್ದ ಹಿರಿಯರ ಎದುರು ನಿಂತು, ಆ ಬಂಡೆಯನ್ನೂ ಗುಂಡಿಯನ್ನೂ ಮುಚ್ಚಬಾರದು, ಹೀಗೇ ಬಿಡಬೇಕು, ಆ ಮಗ್ಗುಲಲ್ಲಿ ಬಂಡೆ ಸಿಡಿಸಬಾರದು ಎಂದು ವರದಿಯಲ್ಲಿ ಬರೆಯುವುದಾಗಿ ಹೇಳಿದಳು.

ಹಿರಿಯರು ಚಮಚ ನಿಲ್ಲಿಸಿದರು. “ಪ್ಲಾನಿನಲ್ಲಿ ಗೂಬೆ ಇಲ್ಲವಲ್ಲಮ್ಮ?”

“ಬಂಡೆಯ ಮೇಲೆ ಇದೆ ಸಾರ್.”

“ಪ್ಲಾನಿನಲ್ಲಿ ಗುಂಡಿ ಮುಚ್ಚಬೇಕು ಅಂತಿದೆ. ಮುಚ್ಚದಿದ್ದರೆ ಇವರಿಗೇ ತೊಂದರೆ. ಅಲ್ಲವೇನ್ರಿ?” ಎಂದು ಯಜಮಾನರ ಕಡೆ ತಿರುಗಿದರು.

“ಬೇಡ ಸಾರ್!” ಎಂದು ಯಜಮಾನರು ಕೂಗಿಯೇಬಿಟ್ಟರು. “ಮುಚ್ಚಬೇಡಿ ಅಂತ ಬರೆಸಿಬಿಡಿ. ಬೇಕಾದ್ರೆ ಬೇಲಿನೂ ಹಾಕಿಸ್ತೀನಿ.”

ತನ್ನ ಜಮೀನಿಗೆ ತಾನೇ ನಿರ್ಬಂಧ ಕೇಳುವ ಕ್ವಾರಿ ಯಜಮಾನನನ್ನು ಹಿರಿಯರು ತಮ್ಮ ಸರ್ವಿಸಿನಲ್ಲಿ ನೋಡಿರಲಿಲ್ಲ. ಆ ಯುವತಿಯೂ ನೋಡಿರಲಿಲ್ಲ. ಇವರಿಗೆ ಪಕ್ಷಿಗಳ ಮೇಲೆ ಇಷ್ಟು ಪ್ರೀತಿ ಎಲ್ಲಿಂದ ಬಂತು ಎಂದು ನನ್ನನ್ನು ಆಮೇಲೆ ಮೆಲ್ಲಗೆ ಕೇಳಿದಳು. ಅದು ದೊಡ್ಡ ಕತೆ ಮೇಡಂ ಎಂದೆ. ಹಸಿರು ಗುಡ್ಡೆಯ ಬಗ್ಗೆ ಮಾತ್ರ ಅವಳು ಬಿಡಲಿಲ್ಲ. ಬಣ್ಣ ಬಳಿದದ್ದನ್ನು ಹಿರಿಯರ ಮುಂದೆಯೇ ಹೇಳಿದಳು. ಮಣ್ಣು ತಂದು ಹಾಕಿ, ಮಳೆಗಾಲದಲ್ಲಿ ಈ ಸೀಮೆಯ ಗಿಡವನ್ನೇ ನೆಡಬೇಕು, ಮತ್ತೆ ಬಂದು ನೋಡುತ್ತೇನೆ ಎಂದಳು. ಹಿರಿಯರು ಎದ್ದು ಹೋಗುವಾಗ ಅವರ ಪ್ಯಾಂಟಿನ ಹಿಂಭಾಗ ಅಂಗೈಯಗಲ ಹಸಿರಾಗಿತ್ತು. ಎಲ್ಲಿ ಒರಗಿದ್ದರೋ. ಅದನ್ನು ಹೇಳುವ ಧೈರ್ಯ ತಂಡದಲ್ಲಿ ಯಾರಿಗೂ ಇರಲಿಲ್ಲ. ಕಾರು ಗುಂಡ್ಲುಪೇಟೆಯ ಕಡೆ ತಿರುಗುವವರೆಗೂ ನಾವು ಗಂಭೀರವಾಗಿ ನಿಂತಿದ್ದೆವು.

ಯುಗಾದಿ ಕಳೆದ ಮೇಲೆ ಮಾವಿನ ಮಳೆ ಬಿತ್ತು. ಒಂದೇ ಮಳೆಗೆ ಗುಡ್ಡೆಯ ಹಸಿರೆಲ್ಲ ಕರಗಿ ಹಳ್ಳ ಹಿಡಿಯಿತು. ಕ್ವಾರಿಯ ದಾರಿ ತುಂಬ ಹಸಿರು ನೀರು. ಮರಿಗಳು ಅಷ್ಟು ಹೊತ್ತಿಗೆ ಹಾರಿದ್ದವು. ಮೊದಲನೆಯದು ಹಾರಿದ ಸಂಜೆ ನಾನಿರಲಿಲ್ಲ, ಹಿಟಾಚಿಯವನು ನೋಡಿದ್ದ. ಅದು ಹಾರಿ ಬಂದು ಅವನ ಹಿಟಾಚಿಯ ತಲೆಯ ಮೇಲೇ ಕೂತಿತಂತೆ. “ಮಖ ನೋಡುದ್ರಾ?” ಎಂದು ನಾನು ಅವನದೇ ಮಾತಿನಲ್ಲಿ ಕೇಳಿದೆ. “ಅದೇ ನನ್ನ ಮಖ ನೋಡ್ತು ಬಾಯ್. ಈಗ ಅದರ ಮನ ಆಳಾಗ್ದೇ ಇದ್ರ ಸಾಕು,” ಎಂದ.

ಯಜಮಾನರಿಗೆ ಗುತ್ತಿಗೆ ಸಿಕ್ಕಿತು. ಸಿಕ್ಕಿದ್ದು ಲಕ್ಷ್ಮಿಯಿಂದ ಎಂದು ಅವರು ನಂಬಿದರು. ಮಣ್ಣು ಹಾಕುವುದನ್ನು ಒಂದು ಮಳೆಗಾಲ ಮಾಡಿದರು, ಎರಡನೆಯದಕ್ಕೆ ಮರೆತರು. ಮತ್ತೆ ಬಂದು ನೋಡುತ್ತೇನೆಂದ ಯುವತಿಯನ್ನು ಗಿಡವೇ ಇಲ್ಲದ ಊರಿಗೆ ವರ್ಗ ಮಾಡಿದ್ದರು, ಬಂದು ನೋಡುವವರು ಯಾರೂ ಉಳಿಯಲಿಲ್ಲ. ಆದರೂ ಬಂಡೆಯ ಮಗ್ಗುಲಿಗೆ ಯಜಮಾನರು ಕೊನೆಯವರೆಗೂ ಮದ್ದು ಇಡಲಿಲ್ಲ, ಅಲ್ಲಿ ಒಳ್ಳೆಯ ಕಲ್ಲು ಇದೆ ಎಂದು ಎಲ್ಲರೂ ಆಸೆ ಹುಟ್ಟಿಸಿದರೂ. ಕೆಲವು ವರ್ಷದ ಮೇಲೆ ಏನೇನೋ ತಕರಾರು ಬಂದು ಕ್ವಾರಿ ನಿಂತುಹೋಯಿತು. ಅವರು ಕಾಡಿನ ದಾರಿಯಲ್ಲಿ ರೆಸಾರ್ಟ್ ಮಾಡಿ, ಬಂದವರಿಗೆ ವನ್ಯಜೀವಿ ಸಂರಕ್ಷಣೆಯ ಬಗ್ಗೆ ತಾವೇ ಭಾಷಣ ಮಾಡುತ್ತಾರೆಂದು ಕೇಳಿದ್ದೇನೆ. ಚೆನ್ನಾಗಿ ಮಾಡುತ್ತಾರಂತೆ.

ನಿಂತ ಕ್ವಾರಿಗೆ ನಾನೂ ಹಿಟಾಚಿಯವನೂ ಒಂದು ಸಲ ಹೋಗಿದ್ದೆವು. ಗುಂಡಿಯಲ್ಲಿ ನೀರು ನಿಂತು ಜೊಂಡು ಬೆಳೆದಿತ್ತು. ಮೆದು ಮಣ್ಣಿನಲ್ಲಿ ಹಂದಿಯ ಹೆಜ್ಜೆ, ನವಿಲಿನ ಹೆಜ್ಜೆ. ಕಲ್ಲಿನ ರಾಶಿಯ ಮೇಲೆ ಯಾರೂ ನೆಡದ ಲಂಟಾನ ಹಬ್ಬಿ ನಿಂತಿತ್ತು, ಅದರ ಮಧ್ಯೆ ಎರಡು ಹೊಂಗೆ ಮಾತ್ರ ನೆಟ್ಟ ಸಾಲಿನಲ್ಲೇ ಬದುಕಿದ್ದವು. ಬಂಡೆಯಿಂದ ಬೂ, ಬೂ ಎಂದು ದನಿ ಬಂತು, ಹಕ್ಕಿ ಕಾಣಲಿಲ್ಲ.

“ಇನ್ನೊಸಿ ಹೊತ್ತು ಕೂರನ ಬಾಯ್,” ಎಂದ ಅವನು.

“ಹರವೆ ಬಸ್ಸು ಹೋಗಿಬಿಡುತ್ತೆ.”

“ಓದ್ರ ಓಗ್ಲಿ ಬುಡಿ,” ಎಂದು ಅವನು ಒಂದು ಕಲ್ಲು ನೋಡಿಕೊಂಡು ಕೂತ. ನಾನೂ ಕೂತೆ.